ಹೌಗೆನ್ನನ ಬರಿತೋಳು

ಡೊರೀನ್: (ಓದುತ್ತಾ) "ಈ ಭೂಮಿಯ ಮೇಲೆ ಚಳಿಗೆ ಸೊಪ್ಪು ಹಾಕದವರು ಮೂವರೇ. ಹಿಮಕರಡಿ, ಪೆಂಗ್ವಿನ್, ಮತ್ತು ನಮ್ಮ ವೆಂಡೆಲ್ ಹೌಗೆನ್ನನ ಎರಡು ತೋಳುಗಳು."

ವೆಂಡೆಲ್: ಅದು ನಾಲ್ಕಾಯ್ತು.

ಡೊರೀನ್: ಏನು ನಾಲ್ಕು?

ವೆಂಡೆಲ್: ಕರಡಿ ಒಂದು, ಪೆಂಗ್ವಿನ್ ಒಂದು, ತೋಳು ಎರಡು.

ಡೊರೀನ್: ಸುಮ್ನಿರು, ಮುಂದೆ ಕೇಳು. "ಜನವರಿಯಲ್ಲಿ ಸರೋವರವೇ ಕಲ್ಲಾಗಿ ಬಿದ್ದಿರುವಾಗ, ಎದುರಾಳಿಗಳು ಮೂರು ಮೂರು ಪದರ ತೊಟ್ಟು ಗಡಗಡ ನಡುಗುವಾಗ, ಹೌಗೆನ್ ಬರಿತೋಳಿನಲ್ಲಿ ಮೈದಾನಕ್ಕೆ ಇಳಿಯುತ್ತಾನೆ. ಅವನನ್ನು ಕಂಡ ಉತ್ತರದ ಗಾಳಿ ತಪ್ಪಾಯಿತೆಂದು ಕೆನಡಾಕ್ಕೆ ವಾಪಸು ಹೋದದ್ದನ್ನು ಕಣ್ಣಾರೆ ಕಂಡವರಿದ್ದಾರೆ."

ವೆಂಡೆಲ್: ಯಾರು ಕಂಡವರು?

ಡೊರೀನ್: ನಾನು ಕಂಡೆ.

ವೆಂಡೆಲ್: ನೀವು ಗಾಜಿನ ಕೋಣೆಯಲ್ಲಿ ಕೂತು ಸೂಪ್ ಕುಡೀತಿದ್ರಿ.

ಡೊರೀನ್: ಗಾಜಿನ ಮೂಲಕ ಕಂಡೆ!

ಚೆಂಡನ್ನು ಕೈಯಲ್ಲಿ ಎಸೆದು, ಹೊತ್ತು ಓಡಿ ಆಡುವ ಅಮೆರಿಕನ್ ಫುಟ್‌ಬಾಲಿನಲ್ಲಿ ಫೋರ್ಟ್ ಪೆಲ್ಕಿಯ ಐಸ್‌ಕಟರ್ಸ್ ತಂಡಕ್ಕೆ ಡೊರೀನ್ ಪಾವ್ಲಾಕ್ ಎಂಬಾಕೆ ಆಸ್ಥಾನ ಪಂಡಿತೆ ಇದ್ದ ಹಾಗೆ. ಪ್ರಚಾರ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೂತು ತಂಡದ ಗುಣಗಾನ ಬರೆಯುತ್ತಿದ್ದಳು. ಹದಿನಾರು ಆಟದಲ್ಲಿ ಹದಿನಾಲ್ಕು ಸೋತ ವರ್ಷವೂ "ತಂಡ ಅಪಾರ ಅನುಭವ ಗಳಿಸಿತು" ಎಂದು ಕಣ್ಣು ಮಿಟುಕಿಸದೆ ಬರೆದವಳು. ಅಂಥವಳ ಲೇಖನಿ ಇವತ್ತು ವೆಂಡೆಲ್ ಹೌಗೆನ್ ಎಂಬ ಬಂಡೆಗೆ ತಾಗಿ ನಿಂತುಬಿಟ್ಟಿತ್ತು.

ವೆಂಡೆಲ್ ಅಂದರೆ ಚೆಂಡು ಎಸೆಯುವ ಸುಕುಮಾರನ ಮುಂದೆ ಗೋಡೆ ಕಟ್ಟಿ ನಿಲ್ಲುವ ಐವರಲ್ಲಿ ಎಡಗಡೆಯ ತುದಿಯವನು. ಅಂಗಿಯ ನಂಬರು ಎಪ್ಪತ್ತಾರು, ತೂಕ ಮುನ್ನೂರ ಇಪ್ಪತ್ತು ಪೌಂಡು. ಆ ಕಚೇರಿಯ ಕುರ್ಚಿಗಳ ಮೇಲೆ ಅವನಿಗೂ, ಅವನ ಮೇಲೆ ಕುರ್ಚಿಗಳಿಗೂ ನಂಬಿಕೆ ಇರಲಿಲ್ಲ. ಹಳೆಯ ಪುಸ್ತಕಗಳ ಎರಡು ಪೆಟ್ಟಿಗೆ ಒಟ್ಟಿ ಅದರ ಮೇಲೆ ಕೂತಿದ್ದ. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ಆ ಅಂಗೈಯಲ್ಲಿ ಅದು ಅಂಚೆಚೀಟಿಯಷ್ಟೇ ಕಾಣುತ್ತಿತ್ತು.

ಪ್ರತಿ ಆಗಸ್ಟ್‌ನಲ್ಲಿ ತಂಡದ ಪುಸ್ತಕ ಅಚ್ಚಾಗುತ್ತದೆ, ಆಟಗಾರರ ವೃತ್ತಿ, ಸ್ವಂತ ವಿಷಯ ಎಲ್ಲ ಸೇರಿಸಿ. ಚೆಂಡು ಎಸೆಯುವವನಿಗೆ ನಾಲ್ಕು ಪುಟ, ಗೋಡೆಯವರಿಗೆ ಮೂರು ಸಾಲು. ಈ ಸಲ ವೆಂಡೆಲ್‌ನ ಹತ್ತನೆಯ ವರ್ಷ, ಕೊನೆಯದು. ಡೊರೀನ್ ತಂಡದ ಯಜಮಾನ ಸ್ಟುವರ್ಟ್‌ನ ಜೊತೆ ಮೂರು ದಿನ ಗುದ್ದಾಡಿ ಅರ್ಧ ಪುಟ ಗಿಟ್ಟಿಸಿದ್ದಳು. ಅವನದು ಒಂದೇ ಷರತ್ತು: ಓದಿದವರು ನಗಬೇಕು, ನಂಬಬೇಕು, ಮತ್ತು ಅದು ಮಧ್ಯಾಹ್ನ ಹನ್ನೆರಡರೊಳಗೆ ಅವನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಆ ಅರ್ಧ ಪುಟ ತಂಡದಲ್ಲಿ ಚೆಂಡು ಒದೆಯುವವನು ಸಾಕಿದ ನಾಯಿಗೆ.

ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ವೆಂಡೆಲ್: ಡೊರೀನ್, ಈ ಚೀಟಿ ಒಂದು...

ಡೊರೀನ್: ಆಮೇಲೆ. ಮೊದಲು ವೃತ್ತಿ. ಆಡಿದ ಆಟ ನೂರ ನಲವತ್ತೊಂದು. ಗಳಿಸಿದ ಅಂಕ?

ವೆಂಡೆಲ್: ಸೊನ್ನೆ.

ಡೊರೀನ್: ಚೆಂಡು ಹಿಡ್ಕೊಂಡು ಓಡಿದ್ದು?

ವೆಂಡೆಲ್: ಸೊನ್ನೆ.

ಡೊರೀನ್: ಅದನ್ನ ಮುಟ್ಟಿದ್ದಾದ್ರೂ ಉಂಟೇನೋ, ಮಾರಾಯ?

ವೆಂಡೆಲ್: ಒಂದು ಸಲ. ಮೂರನೇ ವರ್ಷ. ಯಾರದೋ ಕೈ ಜಾರಿ ನನ್ನ ಹೊಟ್ಟೆ ಕೆಳಗೆ ಬಂತು.

ಡೊರೀನ್: (ಕುರ್ಚಿಯ ತುದಿಗೆ ಬಂದು) ಆಹಾ! ನೀನೇನು ಮಾಡಿದೆ?

ವೆಂಡೆಲ್: ಮಲಗಿದ್ದೆ.

ಡೊರೀನ್: ಆಮೇಲೆ?

ವೆಂಡೆಲ್: ಎದ್ದೆ. ಸ್ವಲ್ಪ ಹೊತ್ತು ಹಿಡೀತು. ಮೇಲೆ ಒಂಬತ್ತು ಜನ ಇದ್ರು.

ಡೊರೀನ್: ಹೋಗ್ಲಿ, ಸ್ವಂತ ವಿಷಯ. ಹವ್ಯಾಸ?

ವೆಂಡೆಲ್: ಕೂತ್ಕೊಳ್ಳೋದು.

ಡೊರೀನ್: ಕೂತ್ಕೊಂಡು ಏನು ಮಾಡ್ತೀಯ?

ವೆಂಡೆಲ್: ನಿಂತ್ಕೊಳ್ಳಲ್ಲ.

ಡೊರೀನ್: ಅಯ್ಯೋ ದೇವರೇ! ಆ ನಾಯಿ ಸ್ಕೇಟಿಂಗ್ ಮಾಡುತ್ತೆ ಕಣೋ. ಪಿಯಾನೋ ಮೇಲೆ ನಡೆಯುತ್ತೆ. ನೀನು ಒಂದು ನಾಯಿಗಾದ್ರೂ ಪೈಪೋಟಿ ಕೊಡಬಾರದಾ?

ವೆಂಡೆಲ್: ಒಳ್ಳೇ ನಾಯಿ ಅದು. ಕೊಟ್ಬಿಡಿ ಅದಕ್ಕೇ. ನನ್ನದು ಈ ಚೀಟಿ ಒಂದು...

ಡೊರೀನ್: ಆಮೇಲೆ ಅಂದ್ನಲ್ಲ!

ಆಗ ಬಾಗಿಲು ತೆರೆದುಕೊಂಡಿತು. ಮೊದಲು ಒಳಗೆ ಬಂದದ್ದು ಬಟ್ಟೆ ಸುತ್ತಿದ ಒಂದು ದೊಡ್ಡ ಬಾಣಲೆ, ಅದರ ಹಿಂದೆ ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಎಂಬ ಅಡುಗೆಯ ಘಮಲು, ಅದರ ಹಿಂದೆ ವೆಂಡೆಲ್‌ನ ತಾಯಿ ಆರ್ಡಿಸ್. ಎಪ್ಪತ್ತೊಂದು ವರ್ಷ, ಐದಡಿ ಎತ್ತರ. ಇವಳ ಹೊಟ್ಟೆಯಲ್ಲಿ ಅವನು ಹುಟ್ಟಿದ್ದು ಹೇಗೆಂದು ಊರಿನವರು ಇವತ್ತಿಗೂ ಲೆಕ್ಕ ಹಾಕುತ್ತಿದ್ದಾರೆ. ಕಂಕುಳಲ್ಲಿ ಒಂದು ದಪ್ಪ ಆಲ್ಬಮ್ಮು.

ಆರ್ಡಿಸ್: ಎರಡು ಗಂಟೆ ಕಾರು ಓಡಿಸ್ಕೊಂಡು ಬಂದಿದೀನಿ. ಈ ಸಲ ಅರ್ಧ ಪುಟ ಅಂತೆ, ಮುಖ ಹಾಕ್ತೀರೋ ಇಲ್ವೋ?

ಡೊರೀನ್: ಯಾರ ಮುಖ?

ಆರ್ಡಿಸ್: ಇವನಿಗೆ ಒಂದು ಮುಖ ಇದೆಯಮ್ಮ! ನಾನೇ ಸಾಕ್ಷಿ. ನೀನು ಇದನ್ನ ನೋಡು.

ಅವಳು ಆಲ್ಬಮ್ ಬಿಡಿಸಿದಳು. ಒಂಬತ್ತು ವರ್ಷದ ಒಂಬತ್ತು ಪುಸ್ತಕದಿಂದ ಕತ್ತರಿಸಿ ಅಂಟಿಸಿದ ಒಂಬತ್ತು ಚಿತ್ರ. ಒಂಬತ್ತರಲ್ಲೂ ವೆಂಡೆಲ್ ಮುಂದಕ್ಕೆ ಬಾಗಿ ಕೈಯನ್ನು ನೆಲಕ್ಕೂರಿದ್ದ. ಚಿತ್ರ ತೆಗೆದವರು ಒಂಬತ್ತು ಸಲವೂ ಹಿಂದೆ ನಿಂತಿದ್ದರು.

ಆರ್ಡಿಸ್: ಚರ್ಚಿನ ನೆಲಮಾಳಿಗೆಯ ಪುಸ್ತಕದ ಕಪಾಟಿಗೆ ಪ್ರತಿ ವರ್ಷ ಒಂದು ಪ್ರತಿ ಕೊಡ್ತೀನಿ. ಪಾದ್ರಿಗಳು ಬಿಡಿಸಿ ನೋಡಿ, "ಬೆಳೀತಾ ಇದಾನೆ" ಅಂತಾರೆ. ಹೇಗಿರುತ್ತೆ ಹೇಳು ನನಗೆ?

ವೆಂಡೆಲ್: ಅಮ್ಮ, ಕೂತ್ಕೋ.

ಆರ್ಡಿಸ್: ಎಲ್ಲಿ ಕೂರಲಿ? ಪೆಟ್ಟಿಗೆಗಳನ್ನೆಲ್ಲ ನೀನೇ ಹಿಡಿದಿದೀಯ. ಡೊರೀನ್, ಈ ಹಿಂದಿನ ಪುಟಗಳನ್ನೂ ನೋಡಮ್ಮ. ಮೈಕಿನಲ್ಲಿ ಇವನ ನಂಬರು ಕರೆದಾಗಲೆಲ್ಲ ದಿನಾಂಕ ಹಾಕಿ ಬರೆದಿಟ್ಟಿದೀನಿ. ನಲವತ್ತೊಂದು ಸಲ!

ಡೊರೀನ್ ನೋಡಿದಳು. ಎಪ್ಪತ್ತಾರು, ಎದುರಾಳಿಯ ಅಂಗಿ ಎಳೆದದ್ದು, ಹತ್ತು ಗಜ ಹಿಂದಕ್ಕೆ. ಎಪ್ಪತ್ತಾರು, ಆಟಕ್ಕೆ ಮುಂಚೆ ಅಲ್ಲಾಡಿದ್ದು, ಐದು ಗಜ ಹಿಂದಕ್ಕೆ. ಪಟ್ಟೆ ಅಂಗಿಯ ರೆಫರಿ ಹಳದಿ ಬಟ್ಟೆ ಎಸೆದು ಇಡೀ ಕ್ರೀಡಾಂಗಣಕ್ಕೆ ಸಾರಿದ ದಂಡಗಳೇ ಎಲ್ಲ! ಸುತ್ತ ಕೆಂಪು ಶಾಯಿಯಲ್ಲಿ ಹೂವು ಬೇರೆ.

ಡೊರೀನ್: (ವೆಂಡೆಲ್‌ನ ಕಿವಿಯಲ್ಲಿ) ಏನೋ ಇದು? ಅಮ್ಮನಿಗೆ ಗೊತ್ತಿಲ್ವಾ?

ವೆಂಡೆಲ್: ಏನು?

ಡೊರೀನ್: ಇರು, ನಾನು ನೋಡ್ಕೋತೀನಿ. (ಗಟ್ಟಿಯಾಗಿ) ಆರ್ಡಿಸ್ ಅಮ್ಮ, ರೆಫರಿಗಳಿಗೆಲ್ಲ ನಿಮ್ಮ ಮಗನ ಮೇಲೆ ಏನು ಅಭಿಮಾನ ಅಂತೀರಿ! ಸುಮ್ಮಸುಮ್ಮನೆ ಯಾರ ಹೆಸರೂ ಕರೆಯಲ್ಲ ಅವರು. ಗೌರವ ಇದ್ದರೆ ಮಾತ್ರ...

ಆರ್ಡಿಸ್: ಯಾಕಮ್ಮ ಬಾಯಿಗೆ ಬಂದದ್ದು ಹೇಳ್ತೀಯ? ದಂಡ ಅದು. ಐವತ್ತು ವರ್ಷದಿಂದ ಈ ಆಟ ನೋಡ್ತಿದೀನಿ, ನನಗೆ ಹೇಳಿಕೊಡ್ತೀಯ?

ಡೊರೀನ್: ಮತ್ತೆ ಹೂವು?

ಆರ್ಡಿಸ್: ಇನ್ನೇನು ಮಾಡಲಿ? ಇವನು ಸರಿಯಾಗಿ ಕೆಲಸ ಮಾಡಿದ್ರೆ ಯಾರೂ ಹೆಸರು ಎತ್ತಲ್ಲ. ತಪ್ಪು ಮಾಡಿದಾಗಲೇ ತಾನೇ ಎಪ್ಪತ್ತು ಸಾವಿರ ಜನದ ಮುಂದೆ ಕರೆಯೋದು? ಹೋದ ವರ್ಷ ಇಡೀ ವರ್ಷಕ್ಕೆ ಒಂದೇ ಸಲ ಕರೆದ್ರು. ಎಷ್ಟು ಬೇಜಾರಾಯ್ತು ಗೊತ್ತಾ?

ವೆಂಡೆಲ್: ಅಮ್ಮ, ಅದು ನಾನು ಚೆನ್ನಾಗಿ ಆಡಿದ ವರ್ಷ.

ಆರ್ಡಿಸ್: ನಿನಗೇನಪ್ಪ, ನೀನು ಆಡ್ಕೊಂಡು ಇರ್ತೀಯ. ಕಿವಿ ಆನಿಸ್ಕೊಂಡು ಕೂರೋಳು ನಾನು.

ಡೊರೀನ್‌ಗೆ ನಗು ಬಂತು. ಈ ಹೆಂಗಸಿನ ಆಲ್ಬಮ್ಮಿಗೆ ಒಂದು ಮುಖ ಸೇರಿಸದೆ ಇವತ್ತು ಊಟ ಮಾಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಶಪಥ ತೊಟ್ಟಳು. ಹಾಟ್‌ಡಿಶ್‌ನ ವಾಸನೆ ಆ ಶಪಥವನ್ನು ಇನ್ನಷ್ಟು ಭಯಂಕರ ಮಾಡಿತು. ಗಡಿಯಾರದಲ್ಲಿ ಹನ್ನೊಂದೂ ನಲವತ್ತೈದು.

ಡೊರೀನ್: ಆರ್ಡಿಸ್ ಅಮ್ಮ, ನೀವೇ ಕಾಪಾಡಬೇಕು. ಈ ತೋಳಿನ ಗುಟ್ಟು ಹೇಳಿ. ಊರಲ್ಲಿ ಏನೇನೋ ಹೇಳ್ತಾರೆ. ಹಿಮಸಾರಂಗದ ಕೊಬ್ಬು ಸವರ್ಕೋತಾನೆ ಅಂತ ಒಬ್ಬರು, ಅವನ ತಾತ ಸರೋವರದ ಮಂಜುಗಡ್ಡೆ ಮೇಲೇ ಮಲಗ್ತಿದ್ದ ಅಂತ ಇನ್ನೊಬ್ಬರು. ಶಾಲೆ ಮಕ್ಕಳು ಹೌಗೆನ್ ಹಾಕಲ್ಲ ನಾವೂ ಹಾಕಲ್ಲ ಅಂತ ಸ್ವೆಟರ್ ಬಿಸಾಕ್ತಾರೆ. ಚಿಕ್ಕವನಿದ್ದಾಗಲೂ ಇವನು ಬರಿಮೈಯಲ್ಲಿ ಹಿಮದಲ್ಲಿ ಉರುಳಾಡ್ತಿದ್ದನಾ?

ಆರ್ಡಿಸ್: ಇವನಾ? ಜೂನ್ ತಿಂಗಳಲ್ಲಿ ಕೈಗವಸು ಹಾಕ್ಕೊಂಡು ಮಲಗ್ತಿದ್ದ.

ಡೊರೀನ್‌ಳ ಲೇಖನಿ ಹಾಳೆಯ ಮೇಲೆ ನಿಂತಲ್ಲೇ ನಿಂತಿತು.

ಡೊರೀನ್: ಏನಂದ್ರಿ?

ಆರ್ಡಿಸ್: ಚಳಿಪುಕ್ಕ ಕಣೇ ಇವನು! ಮೊದಲನೇ ವರ್ಷ ಟಿವಿಯಲ್ಲಿ ನೋಡಿ ತಡೀಲಾರದೆ ನಾನೇ ಒಂದು ತೋಳಂಗಿ ಹೆಣೆದು ಕಳಿಸಿದೆ. ತಂಡದ ಬಣ್ಣ ಅಲ್ಲ ಅಂತ ಹಾಕ್ಕೊಳ್ಳಲಿಲ್ಲ. ಏನೋ ಅದು ಕೈಯಲ್ಲಿ? ಆವಾಗಿನಿಂದ ತಿರುಗಿಸ್ತಾನೇ ಇದೀಯ.

ವೆಂಡೆಲ್: ಚೀಟಿ.

ಡೊರೀನ್: ತಾ ಇಲ್ಲಿ!

ಅವಳು ಕಿತ್ತುಕೊಂಡು ಬಿಡಿಸಿದಳು. ಉಗ್ರಾಣದ ಬೇಡಿಕೆ ಚೀಟಿ. "ಉದ್ದ ತೋಳಿನ ಒಳಅಂಗಿ, ದಪ್ಪದ್ದು, ಒಂದು. ಅಳತೆ: ಇರುವುದರಲ್ಲೇ ದೊಡ್ಡದು." ಕೆಳಗೆ ಒಂದು ಖಾಲಿ ಗೆರೆ: ಪ್ರಚಾರ ವಿಭಾಗದ ಸಹಿ.

ಡೊರೀನ್: ಇದೇನಿದು ವೆಂಡೆಲ್?

ವೆಂಡೆಲ್: ಮೊದಲನೇ ವರ್ಷ ನನ್ನ ಅಳತೆದು ಇರಲಿಲ್ಲ. ಉಗ್ರಾಣದ ರಾಲ್ಫ್ ತರಿಸ್ತೀನಿ ಅಂದ. ಅಷ್ಟರಲ್ಲಿ ಹಿಮ ಬಿತ್ತು. ಹಾಗೇ ಹೋದೆ. ನೀವು ಭಿತ್ತಿಪತ್ರ ಮಾಡಿಸಿದ್ರಿ.

ಡೊರೀನ್: ಅಂಗಿ ಬರಲೇ ಇಲ್ವಾ?

ವೆಂಡೆಲ್: ಮಾರ್ಚ್‌ನಲ್ಲಿ ಬಂತು. ರಾಲ್ಫ್ ಕೊಡಲಿಲ್ಲ. ಊರಿನ ಗೋಡೆ ತುಂಬ ನಿನ್ನ ತೋಳೇ ಇದೆ, ಡೊರೀನ್ ಸಹಿ ಹಾಕಿದ್ರೆ ಕೊಡ್ತೀನಿ ಅಂದ. ಪ್ರತಿ ಆಗಸ್ಟ್ ತರ್ತೀನಿ. ನೀವು ಆಮೇಲೆ ಅಂತೀರಿ.

ಡೊರೀನ್: ಬಾಯಿ ಬಿಟ್ಟು ಹೇಳೋಕೆ ಏನು ಧಾಡಿ ನಿನಗೆ?

ವೆಂಡೆಲ್: ನೀವು ಮಾತಾಡ್ತಿದ್ರಿ.

ಆರ್ಡಿಸ್ ಬಾಣಲೆಯನ್ನು ಮೇಜಿನ ಮೇಲೆ ಕುಕ್ಕಿದಳು. ಡೊರೀನ್ ಚೀಟಿಯನ್ನು ಮತ್ತೊಮ್ಮೆ ಓದಿದಳು. ಒಂಬತ್ತು ಚಳಿಗಾಲ! ಅವಳು ಗಾಜಿನ ಹಿಂದೆ ಸೂಪ್ ಹೀರುತ್ತಾ ಹಿಮಕರಡಿಯನ್ನು ಸೃಷ್ಟಿಸುತ್ತಿದ್ದಾಗ, ಕರಡಿ ಕೆಳಗೆ ಹಲ್ಲು ಕಡಿಯುತ್ತಾ ಒಂದು ಒಳಅಂಗಿಗೆ ಕಾಯುತ್ತಿತ್ತು. ಸಹಿ ಹಾಕಿದರೆ ದಂತಕಥೆ ಸತ್ತುಹೋಗುತ್ತದೆ, ಅದರ ಜೊತೆ ಅರ್ಧ ಪುಟವೂ. ಹಾಕದಿದ್ದರೆ ಹತ್ತನೆಯ ಚಳಿಗಾಲ. ಅವಳು ಒಂದು ಸಲ ಆಲ್ಬಮ್ಮನ್ನು ನೋಡಿದಳು, ಒಂದು ಸಲ ತೋಳುಗಳನ್ನು. ಆಮೇಲೆ ಸಹಿ ಎಳೆದಳು.

ವೆಂಡೆಲ್: ಒಂದು ಅಂತಿರೋದನ್ನ ಐದು ಮಾಡಿ.

ಡೊರೀನ್: ಐದು ಯಾಕೋ?

ವೆಂಡೆಲ್: ನಮ್ಮ ಐವರದೂ ಒಂದೇ ಥರ ಇರಬೇಕು. ನಾನು ಹಾಕಲ್ಲ ಅಂತ ಉಳಿದ ನಾಲ್ವರೂ ಹಾಕಲ್ಲ. ಗುರುವಾರ ಒಟ್ಟಿಗೆ ಊಟಕ್ಕೆ ಕೂತಾಗಲೆಲ್ಲ ಬೈತಾರೆ.

ಫೋನು ಹೊಡೆದುಕೊಂಡಿತು. ಸ್ಟುವರ್ಟ್. ನಾಯಿಯ ಚಿತ್ರ ಬಂದಿದೆ, ಪಿಯಾನೋ ಸಮೇತ. ನಿನ್ನದೇನು, ಹ್ಞೂಂ ಅಥವಾ ಊಹ್ಞೂಂ?

ಡೊರೀನ್: ಸ್ಟುವರ್ಟ್, ಕರಡಿ, ಪೆಂಗ್ವಿನ್ ಎಲ್ಲ ಹೊಡೆದು ಹಾಕಿದೀನಿ. ನಿಜ ಹೇಳ್ತೀನಿ, ಕೇಳು.

ಚೀಟಿಯ ಕತೆ ಹೇಳಿದಳು. ಆ ಕಡೆ ಎದ್ದ ನಗು ಫೋನಿಂದ ಹೊರಬಂದು ಕೋಣೆಯೆಲ್ಲ ಸುತ್ತಿತು. ಸ್ಟುವರ್ಟ್ ಉಸಿರು ಹಿಡಿದುಕೊಂಡು ಹೇಳಿದ: ಪುಟ ನಿನ್ನದು, ಅರ್ಧವಲ್ಲ, ಪೂರ್ತಿ. ನಾಯಿ ಮುಂದಿನ ವರ್ಷ ಬರಲಿ. ಒಂದು ಚಿತ್ರ, ಒಂದು ಕೊನೆಯ ಸಾಲು ಬೇಕು, ಹತ್ತು ನಿಮಿಷದಲ್ಲಿ.

ಆರ್ಡಿಸ್: ಮುಖದ ಚಿತ್ರ!

ಡೊರೀನ್: ಮುಖದ್ದೇ! ವೆಂಡೆಲ್, ಆ ಗೋಡೆ ಹತ್ತಿರ ನಿಲ್ಲು. ಹ್ಞಾಂ, ರೆಡಿ...

"ರೆಡಿ" ಎಂಬ ಮೈದಾನದ ಕೂಗು ಕಿವಿಗೆ ಬಿದ್ದದ್ದೇ ತಡ, ಹತ್ತು ವರ್ಷದ ಅಭ್ಯಾಸ, ವೆಂಡೆಲ್ ಗಕ್ಕನೆ ಬಾಗಿ ಕೈಯನ್ನು ನೆಲಕ್ಕೂರಿದ.

ಆರ್ಡಿಸ್: ಏಳೋ ಮೇಲೆ! ಅದನ್ನ ಒಂಬತ್ತು ಸಲ ನೋಡಿದಾರೆ ಜನ!

ಅವನು ನಾಚಿಕೊಂಡು ಎದ್ದ. ನಾಚಿಕೆಗೆ ಕೆಂಪಾದ ಆ ಅಗಲ ಮುಖವನ್ನು ಡೊರೀನ್ ತನ್ನ ಫೋನಿನಲ್ಲಿ ಟಪ್ಪನೆ ಸೆರೆಹಿಡಿದಳು. ಆರ್ಡಿಸ್ ಅದನ್ನು ಫೋನಿನಲ್ಲೇ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

ಆರ್ಡಿಸ್: ಅಪ್ಪನ ಮೂಗೇ. ಚರ್ಚಿನವರಿಗೆ ಈಗ ನಂಬಿಕೆ ಬರುತ್ತೆ.

ಡೊರೀನ್: ಇನ್ನು ಕೊನೇ ಸಾಲು. ವೆಂಡೆಲ್, ಯೋಚನೆ ಮಾಡಿ ಹೇಳಪ್ಪ, ಇಡೀ ಪುಟ ಇದರ ಮೇಲೆ ನಿಂತಿದೆ. ಆ ಹಿಮ, ಆ ಗಾಳಿ, ಎಪ್ಪತ್ತು ಸಾವಿರ ಜನ ಎದ್ದು ನಿಂತು "ಹೌಗೆನ್, ಹೌಗೆನ್" ಅಂತ ಕೂಗ್ತಿದಾರೆ, ನೀನು ಬರಿತೋಳಲ್ಲಿ ನಡುವೆ ನಿಂತಿದೀಯ. ಆ ಕ್ಷಣದಲ್ಲಿ ನಿನ್ನ ಮನಸ್ಸಿನಲ್ಲಿ ಏನು ಅನ್ನಿಸ್ತಿತ್ತು?

ವೆಂಡೆಲ್ ಪೆಟ್ಟಿಗೆಗಳ ಮೇಲೆ ಕೂತ. ತುಂಬ ಹೊತ್ತು ಯೋಚಿಸಿದ. ಆ ಆಗಸ್ಟ್‌ನ ಸೆಕೆಯಲ್ಲೂ ಎರಡು ತೋಳುಗಳನ್ನು ನಿಧಾನವಾಗಿ ಉಜ್ಜಿಕೊಂಡ.

ವೆಂಡೆಲ್: ಚಳಿ ಅಂತ.