ಸುಣ್ಣದ ಗೆರೆಯ ಮೇಲೆ ನನ್ನ ಡ್ರೋನು

ಚಿಂತೆ ಮಾಡಲು ಏನೂ ಸಿಗದ ದಿನ ನನಗೆ ಊಟ ಸೇರುವುದಿಲ್ಲ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬರುವ ನಾನು, ಈ ವಯಸ್ಸಿನಲ್ಲಿ ಡ್ರೋನು ಕೊಂಡದ್ದೇಕೆ ಎಂದರೆ ಈಗಲೂ ಉತ್ತರವಿಲ್ಲ. ಯಾರ ತಲೆ ಮೇಲೆ ಬಿದ್ದೀತೋ, ಯಾವ ತಂತಿಗೆ ಸಿಕ್ಕೀತೋ ಎಂಬ ದಿಗಿಲಿನಲ್ಲೇ ನಂಜನಗೂಡಿನ ನಮ್ಮ ತಾರಸಿಯಿಂದ ಮೊದಲ ಸಲ ಹಾರಿಸಿದೆ. ಪಕ್ಕದ ತಾರಸಿಯಲ್ಲಿ ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತಿದ್ದ ಸರೋಜಮ್ಮ ಸೆರಗೆಳೆದುಕೊಂಡು ಒಳಗೋಡಿದರು. "ಇನ್ನು ಅವರ ಎದುರಿಗೆ ನಾನು ಹೇಗ್ರೀ ಓಡಾಡ್ಲಿ? ಎಲ್ಲಾದ್ರೂ ಹಳ್ಳಿಗೆ ತಗೊಂಡ್ಹೋಗಿ" ಎಂದಳು ಹೆಂಡತಿ.

ಹಾಗಾಗಿ ಮೂಗೂರಿನಲ್ಲಿರುವ ಅವಳ ತಮ್ಮ ಮಾದೇವನ ಮನೆಗೆ ಹೋದೆ. ಈ ಸಲ ಎಚ್ಚರ ತಪ್ಪಬಾರದೆಂದು ಹಿಂದಿನ ಸಂಜೆಯೇ ಬೀದಿಯುದ್ದಕ್ಕೂ ಹೇಳಿ ಬಂದೆ: "ನಾಳೆ ಬೆಳಿಗ್ಗೆ ಡ್ರೋನು ಹಾರುತ್ತೆ, ಮೇಲಿಂದ ಫೋಟೋ ತೆಗೆಯುತ್ತೆ. ಯಾರೂ ಗಾಬರಿಯಾಗಬೇಡಿ."

ಬೆಳಿಗ್ಗೆ ನೋಡಿದರೆ ಬೀದಿ ತುಂಬ ಸುಣ್ಣದ ಗೆರೆ. ಸರ್ಕಾರದ ಡ್ರೋನು ಮನೆ ಜಾಗ ಅಳೆಯಲು ಬಂದಾಗ, ಮೇಲಿನಿಂದ ಕಾಣಲೆಂದು ಎಲ್ಲರೂ ತಮ್ಮ ಜಾಗದ ಸುತ್ತ ಸುಣ್ಣ ಎಳೆಯುತ್ತಾರಂತೆ. ನನಗೇನು ಗೊತ್ತು? ಪಕ್ಕದ ಮನೆ ಸಾಕಮ್ಮನ ಗೆರೆ ಮಾದೇವನ ನುಗ್ಗೆಮರವನ್ನು ಒಳಗೆ ಹಾಕಿಕೊಂಡಿತ್ತು. ಮಾದೇವನ ಗೆರೆ ಸಾಕಮ್ಮನ ಬಟ್ಟೆ ಒಗೆಯುವ ಕಲ್ಲನ್ನು ನುಂಗಿತ್ತು.

"ಲೋ ಮಾದೇವ, ಆ ಕಲ್ಲು ಯಾರ್ದಲಾ?"

"ನುಗ್ಗೆಕಾಯಿ ಕಿತ್ಕೊಂಡು ಓಗೋವಾಗ ಮರ ಯಾರ್ದು ಅಂತ ಗೊತ್ತಿರ್ನಿಲ್ವಾ ಸಾಕಕ್ಕ?"

"ಅಂಗಾರೆ ಇನ್ಮ್ಯಾಲೆ ನಿನ್ ಮಗೀನ ನಮ್ಮನೆ ತಾವ ಕಳಿಸ್ಬ್ಯಾಡ!"

ಮಾದೇವನ ಮಗಳಿಗೆ ದಿನಾ ಜಡೆ ಹಾಕಿ ಸ್ಕೂಲಿಗೆ ಕಳಿಸುವವರೇ ಸಾಕಮ್ಮ. "ಅಮ್ಮಾ, ಇದು ಆಟದ್ದು, ಏನೂ ಅಳೆಯಲ್ಲ" ಎಂದೆ.

"ಅಳೆಯೋರು ಅಳೀತೀವಿ ಅಂತ ಏಳ್ತಾರಾ ಸಾ? ಆರ್ಸಿ, ನ್ಯಾಯ ಆಗೋಗ್ಲಿ."

ಹಾರಿಸಿದರೆ ಜಗಳ; ಹಾರಿಸದಿದ್ದರೆ ಭಾಮೈದನ ಪರ ಎಂಬ ಆರೋಪ. ದಿಕ್ಕು ತೋಚದೆ ಹಾರಿಸಿಯೇಬಿಟ್ಟೆ. ಇಬ್ಬರೂ ನನ್ನ ಮೊಬೈಲಿನ ಮೇಲೆ ಬಗ್ಗಿದರು. ಅವರ ನೂಕಾಟದಲ್ಲಿ ಬೆರಳು ಜಾರಿ ಡ್ರೋನು ಹಿತ್ತಿಲಿನತ್ತ ಸರಿಯಿತು. ಅಲ್ಲಿ ತೆಂಗಿನ ಗರಿಯ ತಟ್ಟಿ ಕಟ್ಟಿದ ಎರಡು ಬಚ್ಚಲು, ಅಕ್ಕಪಕ್ಕ. ಎರಡಕ್ಕೂ ಸೂರಿಲ್ಲ. ಒಳಗಿನ ಚೊಂಬು, ಸೋಪು ಕೂಡ ನಿಚ್ಚಳ.

"ಅಯ್ಯಯ್ಯೋ, ನಮ್ ಬಚ್ಲು ಕಣ್ಲಾ ಇದು!"

"ನಮ್ದೂ ಅಂಗೇ ಕಾಣ್ತದೆ ಕಣಕ್ಕ! ಬಾವ, ಮೊದ್ಲು ಇಳ್ಸಿ ಅದ್ನ!"

"ಓದಿರೋರು ಮಾಡೋ ಕೆಲ್ಸವಾ ಸಾ ಇದು?"

ಒಂದು ಕ್ಷಣದ ಹಿಂದೆ ಎದುರಾಳಿಗಳಾಗಿದ್ದವರು ಈಗ ಒಟ್ಟಾಗಿ ನನ್ನ ಮೇಲೆ ಬಿದ್ದರು. ಡ್ರೋನು ಇಳಿಸಿ, ಅವರ ಕಣ್ಣೆದುರೇ ತೆಗೆದ ಫೋಟೋಗಳನ್ನೆಲ್ಲ ಅಳಿಸಿದೆ. "ನೀವೇನೋ ಅಳಿಸಿದ್ರಿ, ಬ್ಯಾರೆಯೋರು ಆರಿಸಿದ್ರೆ?" ಎಂದರು ಸಾಕಮ್ಮ. ಮಾದೇವ ಟಾರ್ಪಾಲು ತಂದ. ಎರಡು ಬಚ್ಚಲಿಗೂ ಸೇರಿಸಿ ಹೊದಿಸಿದರು. ಹಗ್ಗದ ಒಂದು ತುದಿ ನುಗ್ಗೆಮರಕ್ಕೆ, ಇನ್ನೊಂದು ಒಗೆಯುವ ಕಲ್ಲಿಗೆ. ಆ ಓಡಾಟದಲ್ಲಿ ಸುಣ್ಣದ ಗೆರೆಗಳು ಅವರ ಕಾಲಡಿಯಲ್ಲೇ ಅಳಿಸಿಹೋದವು. ಅಷ್ಟರಲ್ಲಿ ಮಗು ಬಾಚಣಿಗೆ ಹಿಡಿದು ಸಾಕಮ್ಮನ ಮುಂದೆ ಬಂದು ಕೂತಿತ್ತು.

ಡ್ರೋನು ಈಗ ಅಟ್ಟದ ಮೇಲಿದೆ. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಇನ್ನೂ ತಿಳಿದಿಲ್ಲ. ನಮ್ಮ ಬಚ್ಚಲಿಗೇನೋ ಗಟ್ಟಿ ಕಾಂಕ್ರೀಟಿನ ಸೂರಿದೆ. ಆದರೂ ಮೊದಲ ಚೊಂಬು ಸುರಿದುಕೊಳ್ಳುವ ಮುಂಚೆ ಒಮ್ಮೆ ಮೇಲೆ ನೋಡುತ್ತೇನೆ. ಟವೆಲು ಬಿಚ್ಚುವ ಧೈರ್ಯ ಇನ್ನೂ ಬಂದಿಲ್ಲ.