ಮೊದಲ ವೀಳ್ಯ ಯಾರದು

ಸಂಶಯಪಡುವುದು ನನ್ನ ವೃತ್ತಿ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸಲು ಹೊರಟ ಮೇಲಂತೂ ದೇವರು, ದಾಖಲೆ, ಹೆಂಡತಿ ಹಾಕಿದ ಉಪ್ಪು, ಯಾವುದನ್ನೂ ಪರೀಕ್ಷಿಸದೆ ಒಪ್ಪಿದವನಲ್ಲ. ಕಣ್ಣು ಮುಚ್ಚಿ ನಂಬಿದ್ದು ನನ್ನ ನೆನಪೊಂದನ್ನೇ.

ನಮ್ಮದು ಕರಜಗಿಯ ಪಾಟೀಲರ ಮನೆತನ. ಪಾಟೀಲಕಿ ಕಾನೂನಿನಲ್ಲಿ ಸತ್ತು ಎರಡು ತಲೆಮಾರಾಯಿತು. ವಸೂಲಿಯ ಅಧಿಕಾರ ಹೋಯಿತು, ಇನಾಮು ಭೂಮಿ ಹೋಯಿತು. ಉಳಿದದ್ದು ಮದುವೆಗಳಲ್ಲಿ ಅಕ್ಷತೆ ಬಿದ್ದ ಮೇಲೆ ಹೆಸರು ಕೂಗಿ ಕೊಡುವ ಮೊದಲ ವೀಳ್ಯ. ಎರಡು ಎಲೆ, ಒಂದು ಅಡಿಕೆ. ಅದು ಹಿರಿಯ ಕವಲಿನ ನಮ್ಮ ಕಾಕಾ ಅವರದು. ಅಷ್ಟಕ್ಕಾಗಿ ಅವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಎಂಥ ಬಿಸಿಲಿನಲ್ಲೂ ಎಸ್‌ಟಿ ಬಸ್ಸು ಹಿಡಿದು ಬರುತ್ತಿದ್ದರು.

ಹೋದ ವರ್ಷ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮವರೊಬ್ಬರ ಲಗ್ನ. ಕಾಕಾ ವೀಳ್ಯಕ್ಕೆ ಎದ್ದಾಗ ನಾನು ಸುಮ್ಮನಿರಲಾರದೆ, ಹಿರಿಯಣ್ಣ ಪಾಟೀಲಕಿಯನ್ನು ಕಿರಿಯ ತಮ್ಮನಿಗೆ ಬರೆದುಕೊಟ್ಟ ಹಳೆಯ ಮೋಡಿ ಲಿಪಿಯ ಕಾಗದವೊಂದನ್ನು ಓದಿದ್ದೇನೆಂದು ಪಕ್ಕದವನಿಗೆ ಹೇಳಿದೆ. ಪಕ್ಕದವನು ಕಿರಿಯ ಕವಲಿನ ಬಸಣ್ಣ. ಎದ್ದೇಬಿಟ್ಟ.

“ತಡೀರಿ! ಸರ್ ಸ್ವತಃ ಓದ್ಯಾರ, ಮಾನ ನಮ್ಮ ಮನೀದಂತ!”

ಕಾಕಾ ನನ್ನತ್ತ ತಿರುಗಿದರು. “ಖರೇ ಏನೋ?”

ಹೌದೆಂದೆ. ವೀಳ್ಯ ಬಸಣ್ಣನ ಕೈಗೆ ಹೋಯಿತು. ಕಾಕಾ ಊಟ ಮಾಡದೆ ಬಸ್ಸು ಹತ್ತಿದರು.

ಆ ವಾರವೇ ಹಳೆಯ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. ಕಿರಿಯ ತಮ್ಮನ ಕಾಗದದ ನಕಲು ಇತ್ತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ತಡವಳ’ ಎಂದೂ ಇತ್ತು. ಬೇರೆ ಊರು, ಬೇರೆ ಪಾಟೀಲರು! ಪುಸ್ತಕ ಹಿಡಿದು ಕರಜಗಿಗೆ ಓಡಿದೆ. ಕಾಕಾ ಅದನ್ನು ಮುಟ್ಟಲೂ ಇಲ್ಲ.

“ನನಗ್ಯಾಕ ತೋರಸ್ತಿ? ನಾ ಏನ್ ಸಂಶೇ ಮಾಡಿದ್ನ್ಯಾ? ನಾಕು ಮಂದ್ಯಾಗ ಮಾನ ಕಳದಿ, ನಾಕು ಮಂದ್ಯಾಗ ಹೇಳು.”

ಮುಂದಿನ ಲಗ್ನದಲ್ಲಿ ಅವರನ್ನು ಕರೆದೊಯ್ದು, ಆ ಕಾಗದ ತಡವಳದ್ದು, ನಮ್ಮದಲ್ಲವೆಂದು ಎಲ್ಲರೆದುರು ಹೇಳಿದೆ. ಬಸಣ್ಣ ನಕ್ಕ. “ವಾ ಸರ್! ಆವಾಗೊಂದು ನೆನಪು, ಈಗೊಂದು. ಮುಂದಿನ ಲಗ್ನಕ್ಕ ಯಾವುದು ತರ್ತೀರಿ?”

ಎರಡೂ ಕವಲಿನವರು ತೋಳೇರಿಸಿದರು. ಅತ್ತ ಅನ್ನ ಆರುತ್ತಿತ್ತು. ಹೆಣ್ಣಿನ ತಂದೆ ಕೈಮುಗಿದು ತೀರ್ಪು ಕೊಟ್ಟ: “ಜಗಳ ನಕೋರಿ. ಮಾನ ಯಾರದಂತ ನಿಕಾಲಿ ಆಗೂತನಾ ವೀಳ್ಯ ಸರ್‌ಗೇ ಇರ್ಲಿ. ಓದಿದವ್ರದಾರ.”

ಅಂದಿನಿಂದ ಪ್ರತಿ ಮದುವೆಯಲ್ಲೂ ಮೊದಲ ವೀಳ್ಯ ನನಗೇ. ಕಾಕಾ ಮದುವೆಗಳಿಗೆ ಬರುವುದನ್ನೇ ಬಿಟ್ಟಿದ್ದಾರೆ. ಆ ದಿನ ನಾನು ಬೇಡವೇ ಬೇಡವೆಂದು ಹಿಂದೆ ಸರಿದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಮದುವೆಯ ಫೋಟೋದಲ್ಲಿ ಮಾತ್ರ ಹಲ್ಲು ಕಿರಿದು, ಎರಡೂ ಕೈ ಚಾಚಿ ನಿಂತಿದ್ದೇನೆ.