ಗುರುವಾರ ಸುಡುವ ಸ್ವಿಚ್ಚು

ಮರ್ಗಿಲಾನಿನ ಸ್ವಿಚ್ ಕಾರ್ಖಾನೆಯಲ್ಲಿ ಮೂರನೆಯ ಸ್ವಿಚ್ಚೂ ಸುಟ್ಟುಹೋದ ದಿನ, ಪರೀಕ್ಷಾ ಕೋಣೆಯ ಎರ್ಗಶ್‌ನನ್ನು ಡೈರೆಕ್ಟರ್ ಹಕಿಮೊವ್ ಕರೆಸಿದರು.

"ನಾಲ್ಕನೇದೂ ಸುಟ್ರೆ ನಿನ್ ಕೋಣೆಗೆ ಬೀಗ ಕಣಯ್ಯ. ನೀನು ಪ್ಯಾಕಿಂಗಿಗೆ."

ಪ್ಯಾಕಿಂಗ್ ವಿಭಾಗದ ಮೇಸ್ತ್ರಿ ಶುಹ್ರತ್, ಎರ್ಗಶ್‌ನ ಹೆಂಡತಿಯ ಖಾಸಾ ತಮ್ಮ. ಮನೆಯಲ್ಲಿ ಅಕ್ಕನ ಅಪ್ಪಣೆ, ಕಾರ್ಖಾನೆಯಲ್ಲಿ ತಮ್ಮನ ಅಪ್ಪಣೆ ಎಂದಮೇಲೆ ಮನುಷ್ಯ ಉಸಿರಾಡುವುದೆಲ್ಲಿ? ಎರ್ಗಶ್ ಆ ರಾತ್ರಿ ಊಟ ಬಿಟ್ಟ.

ಪರೀಕ್ಷೆಯೇನೋ ಸುಲಭದ್ದು. ಯಂತ್ರದ ಬೆರಳೊಂದು ಸ್ವಿಚ್ಚನ್ನು ನಿಮಿಷಕ್ಕೆ ಹದಿನೈದು ಸಲ ಒತ್ತುತ್ತದೆ. ಹತ್ತು ಆಂಪಿಯರ್ ಕರೆಂಟು ಹರಿದು ತಗಡಿನ ಪೆಟ್ಟಿಗೆಯಲ್ಲಿರುವ ಸುರುಳಿಗಳನ್ನು ಕಾಯಿಸುತ್ತದೆ. ಮಂಗಳವಾರ ಸಂಜೆ ಶುರುವಾದರೆ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ನಲವತ್ತು ಸಾವಿರ ಒತ್ತು ಮುಗಿಯಬೇಕು. ಮೂರು ಸ್ವಿಚ್ಚುಗಳೂ ಮೂವತ್ತೊಂಬತ್ತು ಸಾವಿರ ದಾಟಿ, ದಡ ಕಾಣುವಾಗ ಮುಳುಗಿದ್ದವು.

ಒಳಗಿನ ಜಗಳ ಅತ್ತೆ ಸೊಸೆಯ ಜಗಳದ ಹಾಗೆ. ಬೆಳ್ಳಿಯ ಎರಡು ಚುಕ್ಕೆಗಳು ಬೇರೆಯಾದಾಗಲೆಲ್ಲ ಕಿಡಿ ಹಾರುತ್ತದೆ, ಚುಕ್ಕೆಗಳು ಒರಟಾಗುತ್ತವೆ. ಒರಟಾದರೆ ಕಾಯುತ್ತವೆ, ಕಾದರೆ ಸ್ಪ್ರಿಂಗು ಸಡಿಲ, ಸ್ಪ್ರಿಂಗು ಸಡಿಲವಾದರೆ ಇನ್ನೂ ಕಾಯುತ್ತವೆ. ಕಡೆಗೆ ಎರಡೂ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು. "ಸ್ಪ್ರಿಂಗಿನ ನಕ್ಷೇನೇ ಸರಿಯಿಲ್ಲ" ಎಂದರು ಖರೀದಿಯವರು. "ಬೆಳ್ಳೀಲಿ ಜಿಪುಣತನ" ಎಂದರು ನಕ್ಷೆಯವರು. ಕಾವಲುಗಾರ ನೊರ್ಮತ್ ತಾತ ಮಾತ್ರ, ನಾಲ್ಕನೆಯ ಸ್ವಿಚ್ಚು ಪರೀಕ್ಷೆಯಲ್ಲಿರುವಾಗಲೇ, ಒಣ ಇಸಿರಿಕ್ ಸೊಪ್ಪಿಗೆ ಬೆಂಕಿ ಹಚ್ಚಿಕೊಂಡು ಬಂದು, ಕೋಣೆಯ ಮೂಲೆಮೂಲೆಗೂ ಹೊಗೆ ಹಾಕಿದ.

"ದೃಷ್ಟಿ ಮಗಾ, ದೃಷ್ಟಿ!"

"ತಾತಾ, ಇದು ಮಗು ಅಲ್ಲ, ಸ್ವಿಚ್ಚು" ಎಂದು ಎರ್ಗಶ್ ಕೆಮ್ಮಿದ.

"ಬಾಯ್ಮುಚ್ಚು. ಎರಡು ದಿನದಿಂದ ಅದರ ಪಕ್ಕ ನಿದ್ದೆಗೆಟ್ಟು ಕೂತಿದೀಯ. ಮಗು ಹುಟ್ಟಿದಾಗಲೂ ಇಷ್ಟು ಕೂತಿರಲಿಲ್ಲ ನೀನು."

ಗುರುವಾರ ಹನ್ನೆರಡಕ್ಕೆ ಒತ್ತಿನ ಲೆಕ್ಕ ತೋರಿಸುವ ಗಾಜಿನಲ್ಲಿ ಮೂವತ್ತೊಂಬತ್ತು ಸಾವಿರದ ನೂರು ಕಂಡಿತು. ಅಷ್ಟರಲ್ಲಿ ಗೋಡೆಯಾಚೆಯ ಕಾರ್ಖಾನೆ ಅಡುಗೆಮನೆಯಿಂದ ಅಡುಗೆಯ ಸಬೋಹತ್ ಅಕ್ಕನ ಕೂಗು.

"ಎರ್ಗಶ್! ತಂದೂರಿಗೆ ಹೋಗಿ ರೊಟ್ಟಿ ತಗೊಂಬಾರೋ!"

ಗುರುವಾರವೆಂದರೆ ಪಲಾವ್. ಪಲಾವಿಗೆ ಬಿಸಿ ರೊಟ್ಟಿ ತರುವವನು ಪ್ರತಿ ವಾರವೂ ಎರ್ಗಶ್. ಹಿರಿಯಳು ಹೇಳಿದಮೇಲೆ ಇಲ್ಲವೆನ್ನುವ ಬಾಯಿ ಮರ್ಗಿಲಾನಿನಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಈ ಸಲ ಅವನು ನೊರ್ಮತ್ ತಾತನ ಕೈಕಾಲು ಹಿಡಿದು ಅವನನ್ನೇ ಕಳಿಸಿ, ತಾನು ಮೀಟರಿನೆದುರು ಕೂತ.

ಐದು ನಿಮಿಷ ಕಳೆಯಲಿಲ್ಲ, ಹತ್ತರಲ್ಲಿದ್ದ ಮುಳ್ಳು ಹತ್ತೊಂಬತ್ತಕ್ಕೆ ನೆಗೆಯಿತು. ಸ್ವಿಚ್ಚಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಎರ್ಗಶ್ ತಗಡಿನ ಪೆಟ್ಟಿಗೆಯ ಹಿಂದೆ ಇಣುಕಿದ. ಅಲ್ಲಿಂದೊಂದು ಕರಿ ವೈರು ಗೋಡೆಯ ತೂತಿಗೆ ನುಗ್ಗಿತ್ತು. ಅವನು ಅದರ ಬೆನ್ನು ಹತ್ತಿ ಅಡುಗೆಮನೆಗೆ ಓಡಿದ. ವೈರಿನ ಆ ತುದಿಯಲ್ಲಿ ಕರೆಂಟಿನ ಒಲೆ, ಒಲೆಯ ಮೇಲೆ ಕಡಾಯಿ, ಕಡಾಯಿಯ ತುಂಬ ಪಲಾವ್.

"ಅಕ್ಕಾ! ಇದೇನ್ ಮಾಡಿದ್ರಿ?"

"ಯಾಕೋ ಬಡ್ಕೋತೀಯ? ನಿನ್ ಪೆಟ್ಟಿಗೆ ಕರೆಂಟು ಬರ್ತದೆ, ಹೋಗ್ತದೆ, ಬರ್ತದೆ, ಹೋಗ್ತದೆ. ಅನ್ನ ಹಬೇಲಿ ಬೇಯೋಕೆ ಅದಕ್ಕಿಂತ ಹದ ಬೇಕಾ? ಒಂದಗುಳೂ ತಳ ಹಿಡಿಯಲ್ಲ!"

"ಮೂರು ಸ್ವಿಚ್ಚು ಸುಟ್ಟಿದೀರಲ್ಲಕ್ಕಾ!"

"ಮೂರು ವಾರ ಬೆರಳು ನೆಕ್ಕಿದ್ದು ಯಾರು? ನೀನೇ ಅಲ್ವಾ?"

ಅದು ನಿಜವೇ. ಎರ್ಗಶ್ ಪ್ಲಗ್ಗಿಗೆ ಕೈ ಹಾಕಿದ. ಸಬೋಹತ್ ಅಕ್ಕ ಸೌಟು ಎತ್ತಿದಳು.

"ಮುಟ್ಟಬೇಡ! ಬಿಷ್ಕೆಕ್ಕಿಂದ ಗಿರಾಕಿ ಬಂದು ಕೂತಿದಾರೆ. ಅತಿಥಿಗೆ ಹಸಿ ಅಕ್ಕಿ ಬಡಿಸ್ಲಾ? ಬೇರೆ ಪ್ಲಗ್ಗು ಈ ಗೋಡೇಲಿ ಇಲ್ಲ!"

ಅತಿಥಿಯ ಮಾನ ಒಂದು ಕಡೆ, ಭಾಮೈದನ ಮುಖ ಇನ್ನೊಂದು ಕಡೆ. ಎರ್ಗಶ್ ಕಣ್ಣು ಮುಚ್ಚಿ ಪ್ಲಗ್ಗು ಕಿತ್ತ. ಬೆನ್ನಿಗೆ ಸೌಟಿನ ಏಟು ಬಿತ್ತು.

ಒಂದು ಗಂಟೆಗೆ ಯಂತ್ರದ ಬೆರಳು ನಲವತ್ತು ಸಾವಿರನೆಯ ಒತ್ತು ಒತ್ತಿ ನಿಂತಿತು. ಸ್ವಿಚ್ಚು ಬದುಕಿತ್ತು! ಎರ್ಗಶ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಊಟದ ಮನೆಗೆ ಓಡಿದ. ಅಲ್ಲಿ ಇಡೀ ಕಾರ್ಖಾನೆ ಕಟಕಟ ಅಕ್ಕಿ ಅಗಿಯುತ್ತ ಅವನನ್ನು ದುರುಗುಟ್ಟಿ ನೋಡಿತು. ಬಿಷ್ಕೆಕ್ಕಿನ ಗಿರಾಕಿ ಮರ್ಯಾದಸ್ಥ, "ಪಲಾವ್ ಬಹಳ ರುಚಿ" ಎನ್ನುತ್ತ ದವಡೆ ಒತ್ತಿಕೊಂಡರು. ಸ್ವಿಚ್ಚನ್ನು ಹತ್ತು ಸಲ ಒತ್ತಿ ನೋಡಿ, ಅಲ್ಲೇ ಅರವತ್ತು ಸಾವಿರ ಸ್ವಿಚ್ಚಿಗೆ ಸಹಿ ಹಾಕಿದರು.

ಹಕಿಮೊವ್ ಎದ್ದು ಬಂದು ಎರ್ಗಶ್‌ನನ್ನು ಬಾಚಿ ತಬ್ಬಿಕೊಂಡರು. ಅವನ ಕಣ್ಣಲ್ಲಿ ನೀರೇ ಬಂತು. ಎರಡು ದಿನ ನಿದ್ದೆಗೆಟ್ಟಿದ್ದು, ಬೆನ್ನಿನ ಬಾವು, ಎಲ್ಲ ಸಾರ್ಥಕ ಅನ್ನಿಸಿತು.

"ಭಲೇ ಎರ್ಗಶ್! ನಮ್ ಸ್ವಿಚ್ಚು ಪಾಸು! ಇನ್ನು ಪರೀಕ್ಷೆ ಮಾಡೋಕೆ ಏನುಳಿದಿದೆ ಹೇಳು? ಕೋಣೆಗೆ ಬೀಗ ಹಾಕು. ಅರವತ್ತು ಸಾವಿರ ಡಬ್ಬಿ ತುಂಬಬೇಕು, ಪ್ಯಾಕಿಂಗಲ್ಲಿ ಜನ ಸಾಲ್ತಿಲ್ಲ."

ಮೇಜಿನ ಕೊನೆಯಲ್ಲಿ ಶುಹ್ರತ್ ಹಲ್ಲಿನ ಸಂದಿಯ ಅಕ್ಕಿಕಾಳು ತೆಗೆಯುತ್ತ ಪಕ್ಕದ ಕುರ್ಚಿ ಎಳೆದ.

"ಬನ್ನಿ ಭಾವ, ಕೂತ್ಕೊಳ್ಳಿ. ನಮ್ಮಲ್ಲಿ ಬೆಳಗ್ಗೆ ಏಳಕ್ಕೇ ಹಾಜರಿ. ಅಕ್ಕಂಗೆ ನಾನೇ ಫೋನ್ ಮಾಡಿ ಹೇಳಿದೀನಿ."